ಅರಳೆ ತುಂಬಿದ ಗಾಯ

೩ ನವೆಂಬರ್ ೧೯೮೫

ತಂಗಿ ಖುರ್ಷಿದಳಿಗೆ ಇವತ್ತು ಕಾರ್ಡು ಬರೆದು ಡಬ್ಬಿಗೆ ಹಾಕಿ ಬಂದೆ. ‘ನಿನ್ನ ಭಾಬಿ ಆರಾಮ ಇದ್ದಾಳೆ, ನೀನು ಜೇವರ್ಗಿಯಿಂದ ಓಡಿ ಬರುವ ಗರಜು ಇಲ್ಲ’ ಎಂದು ಬರೆದೆ. ಕಾರ್ಡಿನಲ್ಲಿ ಬರೆಯಬಾರದ್ದು ಬಹಳ ಉಳಿಯಿತು. ಅದಕ್ಕೇ ಈ ನೋಟ್‌ಬುಕ್ಕು. ಹೆಂಡತಿ ಪ್ಯಾರಿಬಿಗೆ ಅಕ್ಷರ ಬರುವುದಿಲ್ಲ, ನಮಗೆ ಮಕ್ಕಳಿಲ್ಲ. ಹಾಗಾಗಿ ಏನು ಬರೆದರೂ ನಡೆಯುತ್ತದೆ. ನನ್ನ ಅಕ್ಷರವೂ ಸಾಲಿಗೆ ಹೋಗಿ ಕಲಿತದ್ದಲ್ಲ. ಊರೂರ ಸಾಲಿಯ ಕಟ್ಟೆಯ ಮೇಲೆ ಕುಳಿತು ಅರಳೆ ಹಿಂಜುತ್ತ, ಒಳಗಿನ ಮಕ್ಕಳ ಜೊತೆ ಬಾಯಿಪಾಠ ಹೇಳಿ ಕಲಿತದ್ದು.

ದೀಪಾವಳಿ ಹತ್ತಿರ ಬಂದಾಗ ನಾನು ನಮ್ಮೂರು ಮಾದನಹಿಪ್ಪರಗಾದಲ್ಲಿ ಇದ್ದದ್ದೇ ಇಲ್ಲ. ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಕಿಣ್ಣಿ ಸುಲ್ತಾನ, ಆಳಂದ, ಅಫಜಲಪುರ, ಹವಳಗಾ, ಹಾಗೇ ಭೀಮೆ ದಾಟಿ ಜೇವರ್ಗಿ. ಮದುವೆಗೆ ಹೊಸ ಗಾದಿ, ಗಂಟು ಬಿದ್ದ ಹಳೇ ಗಾದಿ, ಬಾಣಂತಿಯ ದಿಂಬು. ಮಳೆ ಹಿಡಿಯುವ ಹೊತ್ತಿಗೆ ಮನೆ. ಮೂವತ್ತೆಂಟು ವರ್ಷ ಹೀಗೇ ನಡೆಯಿತು.

ಈ ಸಲ ಮಳೆ ಮೊದಲೇ ಬಂತು, ನಾನು ಜೇವರ್ಗಿಯಲ್ಲೇ ಉಳಿದೆ. ಮಾಳಿಗೆ ಸೋರುತ್ತದೆಂದು ಪ್ಯಾರಿಬಿ ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತಿದಳು, ಬಿದ್ದಳು. ಓಣಿಯ ಗೌರಾಬಾಯಿ ನೋಡುವ ತನಕ ಅಂಗಳದಲ್ಲೇ ಬಿದ್ದಿದ್ದಳಂತೆ. ಗುಲ್ಬರ್ಗಾದ ದೊಡ್ಡ ದವಾಖಾನೆಯಲ್ಲಿ ಮೂರು ತಿಂಗಳು ಇಟ್ಟುಕೊಂಡರು. ಬೆನ್ನೆಲುಬು ಮುರಿದಿದೆ, ನಡುವಿನ ಕೆಳಗೆ ಕಾಲು ಆಡುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ಮೂತ್ರಕ್ಕೆ ನಳಿಗೆ ಹಾಕಿ ಕಳಿಸಿದ್ದಾರೆ.

‘ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು’ ಎಂದು ಅಲ್ಲಿ ಹೇಳಿದರು. ಅವರ ತೆಂಗಿನ ನಾರಿನ ಗಾದಿಗೆ ಆ ಮಾತು ಸರಿ. ನಾನು ಮನೆಗೆ ಬಂದವನೇ ಹೊಸ ಅರಳೆ ಮೂರು ಸಲ ಹಿಂಜಿ, ಒಂದು ಗೇಣು ದಪ್ಪದ ಗಾದಿ ಹೊಲಿದೆ. ಅಂಥ ಗಾದಿಯ ಮೇಲೆ ಯಾವ ದೇಶಮುಖರೂ ಮಲಗಿಲ್ಲ. ಹೊರಳಿಸಲು ಹೋದರೆ ಅವಳಿಗೂ ಸಿಟ್ಟು. “ಹೆಣಾ ಹೊಳ್ಳಿಸಿದಂಗ ಹೊಳ್ಳಿಸಬ್ಯಾಡ್ರಿ. ಹಿಂಗೇ ಛಂದ ಅದ, ಬಿಡ್ರಿ” ಅನ್ನುತ್ತಾಳೆ. ಬಿಟ್ಟಿದ್ದೇನೆ.

೯ ನವೆಂಬರ್

ಮೈ ಒರೆಸುವಾಗ ಬೆನ್ನಿನ ಕೊನೆಗೆ, ಬಾಲದ ಎಲುಬಿನ ಮೇಲೆ, ಕೆಂಪು ಕಲೆ ಕಂಡೆ. ಅಂಗೈಯಷ್ಟು ಇದೆ. ಬೆರಳಿನಿಂದ ಒತ್ತಿದೆ, ಕೆಂಪು ಹಾಗೇ ಇತ್ತು, ಬಿಳಿಯಾಗಲಿಲ್ಲ. “ನೋಯ್ತದೇನು?” ಎಂದೆ. “ಏನ್ ನೋಯ್ತದ? ಎಲ್ಲಿ ಮುಟ್ಟೀರಿ ಅನ್ನೂದ ನನಗ ಗೊತ್ತಿಲ್ಲ” ಅಂದಳು. ನೋವಿಲ್ಲ ಅಂದಮೇಲೆ ದೊಡ್ಡದೇನೂ ಅಲ್ಲ. ಆ ಜಾಗದಲ್ಲಿ ಗಾದಿ ಕೂತುಬಿಟ್ಟಿರಬೇಕು. ಗಾದಿ ಬಿಚ್ಚಿ ಮತ್ತೊಮ್ಮೆ ಹಿಂಜಿ ತುಂಬಿದೆ. ಇಡೀ ದಿನ ಹಿಡಿಯಿತು. ಅಷ್ಟು ಹೊತ್ತು ಬಿಲ್ಲಿನ ಸಪ್ಪಳ ಕೇಳಿ ನನಗೇ ಹಿತ ಅನಿಸಿತು.

೧೭ ನವೆಂಬರ್

ಚರ್ಮ ಒಡೆದಿದೆ. ನಡುವೆ ಕಪ್ಪು, ಸುತ್ತ ಹಸಿ. ಗೌರಾಬಾಯಿ ಬಂದು ನೋಡಿ ಸೆರಗು ಬಾಯಿಗೆ ಹಿಡಿದಳು.

“ಅಣ್ಣಾ, ಅರಿಷಿಣ ಎಣ್ಣಿ ಹಚ್ಚು. ಮ್ಯಾಲ ಸ್ವಚ್ಛ ಅರಿವಿ ಕಟ್ಟು.”

ಅರಿವೆ ಯಾಕೆ? ನನ್ನ ಮನೆಯಲ್ಲಿ ಅರಳೆಗೆ ಬರವೇ? ಕಾಳು, ಕಸ, ಎಲೆಚೂರು ಒಂದೂ ಇಲ್ಲದಂತೆ ಆರಿಸಿ, ಹೊಗೆಯಂತೆ ಹಗುರಾಗುವ ತನಕ ಹಿಂಜಿದೆ. ಅರಿಷಿಣ ಎಣ್ಣೆಯಲ್ಲಿ ಅದ್ದಿ, ಗಾಯದ ಗುಂಡಿ ಸಮನಾಗುವಂತೆ ತುಂಬಿದೆ. ಎತ್ತರ ತಗ್ಗು ಇಲ್ಲದೆ ತುಂಬುವುದು ನನ್ನ ಕಸುಬೇ. ಅವಳಿಗೆ ಏನೂ ತಿಳಿಯಲಿಲ್ಲ. “ಮುಗೀತೇನ್ರಿ?” ಎಂದು ಕೇಳಿದಳು ಅಷ್ಟೆ.

ಮೇಲೆ ಬಿಳಿ ಅರಳೆ ಕಂಡಾಗ ನನಗೆ ಸಮಾಧಾನ ಆಯಿತು.

೨೪ ನವೆಂಬರ್

ದಿನಾ ಮೇಲಿನ ಅರಳೆ ತೆಗೆದು ಹೊಸದು ಇಡುತ್ತೇನೆ. ಒಳಗಿನದು ಅಂಟಿಕೊಂಡಿದೆ, ಎಳೆದರೆ ರಕ್ತ ಬರುತ್ತದೆ, ಬಿಟ್ಟಿದ್ದೇನೆ. ಖುರ್ಷಿದಳಿಗೆ ಕಾರ್ಡು: ‘ಸಣ್ಣ ಗಾಯ ಆಗಿತ್ತು, ಮಾಯುತ್ತಿದೆ.’

೨ ಡಿಸೆಂಬರ್

ವಾಸನೆ. ಊದಿನ ಹೊಗೆ ಹಾಕಿದೆ, ಬೇವಿನ ಸೊಪ್ಪು ಸುಟ್ಟೆ, ಹೋಗುವುದಿಲ್ಲ. ಮೊದಲು ದಿನಕ್ಕೆ ನಾಲ್ಕು ಜನ ಬಂದು ಕೂಡುತ್ತಿದ್ದರು. ಈಗ ಬಾಗಿಲಲ್ಲೇ ನಿಂತು “ಹ್ಯಾಂಗ ಅದಾಳ?” ಎಂದು ಕೇಳಿ, ನಾನು ಹೇಳುವುದರೊಳಗೆ ತಿರುಗುತ್ತಾರೆ. ಅವರದೇನೂ ತಪ್ಪಿಲ್ಲ. ಹೋಟೆಲಿಗೆ ಚಹಾಕ್ಕೆ ಹೋದೆ. ನನ್ನ ಬಾಕಿನ ಮೇಲೆ ಕುಳಿತಿದ್ದವನು ಎದ್ದು ಹೊರಗೆ ನಿಂತ. ನನ್ನ ಅಂಗಿಗೂ ಅದೇ ವಾಸನೆ ಹತ್ತಿರಬೇಕು. ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಪ್ಯಾರಿಬಿ ಕೇಳಿದಳು: “ಹೊರಗ ಏನ್ ಸುದ್ದಿ?”

“ಏನೂ ಇಲ್ಲ” ಎಂದೆ.

೬ ಡಿಸೆಂಬರ್

ಚಳಿ ಬಂದು ಹಲ್ಲು ಕಟಕಟ ಅನ್ನುತ್ತಿವೆ. ಮೈ ಕಾದ ಹೆಂಚು. ಎರಡು ರಜಾಯಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಮಧ್ಯಾಹ್ನದಿಂದ ನನ್ನನ್ನು ಗುರುತು ಹಿಡಿಯುತ್ತಿಲ್ಲ. “ಅವರು ಜೇವರ್ಗಿಗೆ ಹೋಗ್ಯಾರ, ಮಳಿಗಾಲಕ್ಕ ಬರ್ತಾರ” ಎಂದು ನನಗೇ ಹೇಳುತ್ತಾಳೆ.

೯ ಡಿಸೆಂಬರ್, ಆಳಂದ

ದವಾಖಾನೆಯ ವರಾಂಡದಲ್ಲಿ ಕುಳಿತು ಬರೆಯುತ್ತಿದ್ದೇನೆ.

ಏಳನೇ ತಾರೀಖು ಬೆಳಿಗ್ಗೆ ಗೌರಾಬಾಯಿ ಮನೆಯವರ ಜೀಪಿನಲ್ಲಿ ಹಾಕಿಕೊಂಡು ಬಂದೆವು. ಡಾಕ್ಟರು ಬೋರಲು ಮಲಗಿಸಿ ಚಿಮಟಾ ಹಾಕಿ ಅರಳೆ ಎಳೆದರು. ಬಂತು, ಇನ್ನೂ ಬಂತು. ಹಳದಿ, ಹಸಿರು, ಹಗ್ಗದಂತೆ. ಅದರ ಹಿಂದೆ ಕೀವು ಸುರಿಯಿತು.

“ಇದೇನ್ರಿ ಯಜಮಾನ್ರ, ಗಾಯಕ್ಕ ಮದ್ದು ಹಾಕೀರೋ, ಗಾದಿ ತುಂಬೀರೋ?”

ನಾನು ಗಾದಿಯವನು ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಕೇಳುತ್ತಿರಲಿಲ್ಲ.

“ಸ್ವಚ್ಛ ಅರಳಿ ಸಾಹೇಬ್ರ. ನಾನೇ ಕೈಲೆ ಹಿಂಜಿದ್ದು.”

“ಕಣ್ಣಿಗೆ ಸ್ವಚ್ಛ. ಹೊಲದಾಗಿನ ಹತ್ತಿ, ನಿಮ್ಮ ಕೈ, ಬಿಲ್ಲು, ಧೂಳು. ಎಲ್ಲಾ ಹುಳಾನೂ ಅದರ ಕೂಡ ಒಳಗ ಹೋದ್ವು. ಎಳಿ ಒಳಗೇ ಉಳದು ಕೊಳತಾವ. ಮ್ಯಾಲ ಬಿರಡಿ ಜಡದಂಗ ಆಗಿ ಕೀವಿಗೆ ಹೊರಗ ಬರಾಕ ದಾರಿ ಇಲ್ಲ. ಒಳಗೊಳಗ ಹರದು ರಕ್ತಕ್ಕ ಸೇರ್ಯದ. ಇನ್ನೆರಡು ದಿನ ಬಿಟ್ಟಿದ್ರ ತರೂದ ಬ್ಯಾಡಾಗಿತ್ತು.”

ಆಮೇಲೆ ಕತ್ತರಿಯಿಂದ ಸತ್ತ ಕರಿ ಮಾಂಸ ಕತ್ತರಿಸಿದರು. ನಾನು ಅವಳ ತಲೆ ಹಿಡಿದು ಕುಳಿತಿದ್ದೆ. ಮುಷ್ಟಿ ಹಿಡಿಸುವಷ್ಟು ಗುಂಡಿ. ಎಲುಬಿಗೆ ಇನ್ನೂ ಮುಟ್ಟಿಲ್ಲವಂತೆ; ಮುಟ್ಟಿದರೆ ಎಲುಬೂ ಕೊಳೆಯುತ್ತದೆ, ಆಮೇಲೆ ಕಷ್ಟ ಅಂದರು. ದಿನಕ್ಕೆ ಎರಡು ಹೊತ್ತು ಪೆನ್ಸಿಲಿನ್ ಸೂಜಿ, ಕೈಗೆ ಸಲಾಯಿನ್. ಬದುಕುತ್ತಾಳೋ ಎಂದು ಕೇಳಿದೆ. “ಜ್ವರ ಇಳೀಲಿ, ಆಮ್ಯಾಲ ಹೇಳತೇನಿ” ಅಂದರು.

ನನ್ನ ಎರಡೂ ಕೈ ತೊಳೆದುಕೊಂಡು ಬಂದೆ. ಮತ್ತೆ ಹೋಗಿ ತೊಳೆದುಕೊಂಡೆ.

೧೨ ಡಿಸೆಂಬರ್, ಆಳಂದ

ಜ್ವರ ಇಳಿದಿದೆ. ಕಣ್ಣು ಬಿಟ್ಟು ನೋಡಿ, “ಯಾವಾಗ ಬಂದ್ರಿ?” ಎಂದಳು.

೧೬ ಡಿಸೆಂಬರ್, ಆಳಂದ

ಇಲ್ಲಿಯ ನರ್ಸಬಾಯಿ ಸುಮಿತ್ರಾಬಾಯಿ. ವಾರಕ್ಕೊಮ್ಮೆ ನಮ್ಮೂರ ಸರಕಾರಿ ದವಾಖಾನೆಯ ಖೋಲಿಗೂ ಬರುತ್ತಾಳಂತೆ. ಗಡಸು ಹೆಂಗಸು. ನನಗೆ ಪಾಠ ಹೇಳುತ್ತಿದ್ದಾಳೆ.

“ಕಾಕಾ, ನಿಮ್ಮ ಗಾದಿ ಎಷ್ಟ ಮೆತ್ತಗ ಇದ್ರೂ ಅಷ್ಟ. ಎಲುಬು ಒಳಗಿಂದ ಒತ್ತತದ, ಗಾದಿ ಹೊರಗಿಂದ ಒತ್ತತದ. ನಡುವಿನ ಮಾಂಸಕ್ಕ ರಕ್ತ ಹರಿಯೂದಿಲ್ಲ, ಅದು ಸಾಯ್ತದ. ನಾವು ನಿದ್ದಿಯೊಳಗೂ ಹೊಳ್ಳತೇವಿ. ಆಕಿಗೆ ಹೊಳ್ಳಾಕ ಬರೂದಿಲ್ಲ, ನೋವೂ ತಿಳಿಯೂದಿಲ್ಲ. ಆಕಿ ಬದಲಿ ನೀವು ಹೊಳ್ಳಿಸಬೇಕು.”

ಮೂವತ್ತೆಂಟು ವರ್ಷ ಜನರನ್ನು ಮಲಗಿಸುವ ಕಸುಬು ಮಾಡಿದೆ. ಮಲಗಿದವರ ಮೈಯೊಳಗೆ ಏನು ನಡೆಯುತ್ತದೆಂದು ಗೊತ್ತಿರಲಿಲ್ಲ.

ಕೆಂಪು ಕಲೆ ಒತ್ತಿದಾಗ ಬಿಳಿಯಾಗದಿದ್ದರೆ ಅದೇ ಮೊದಲನೇ ಗುರುತಂತೆ. ನಾನು ನೋಡಿದ್ದೆ. ತಾರೀಖು ಹಾಕಿ ಬರೆದೂ ಇಟ್ಟಿದ್ದೆ.

೨೧ ಡಿಸೆಂಬರ್

ಮನೆಗೆ ಬಂದು ನಾಲ್ಕು ದಿನ ಆಯಿತು. ಈಗ ನನ್ನ ದಿನ ಹೀಗಿದೆ: ಮೊದಲು ಸಾಬೂನಿನಿಂದ ಮೊಣಕೈ ತನಕ ಕೈ ತೊಳೆಯುವುದು. ಅರ್ಧ ಲೀಟರು ನೀರು ಕುದಿಸಿ ಸಣ್ಣ ಚಮಚ ಉಪ್ಪು ಹಾಕಿ ಆರಿಸುವುದು. ಅದರಿಂದ ಗಾಯ ತೊಳೆದು, ನರ್ಸಬಾಯಿ ಕೊಟ್ಟ ಜಾಳಿಗೆ ಬಟ್ಟೆ ಅದೇ ನೀರಲ್ಲಿ ಅದ್ದಿ ಹಿಂಡಿ, ಸಡಿಲಾಗಿ ಇಡುವುದು. ಗಿಡಿದು ತುಂಬಬಾರದು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಹಾಸಿಗೆ ಹಸಿಯಾದರೆ ಅದೇ ಕ್ಷಣ ಬದಲಿ. ಬೆನ್ನ ಮೇಲೆ ಮಲಗಿಸುವಂತಿಲ್ಲ. ಒಮ್ಮೆ ಎಡ, ಒಮ್ಮೆ ಬಲ. ಹೊರಳಿಸುವಾಗ ಎಳೆಯಬಾರದು, ಎತ್ತಬೇಕು.

ತಾಸು ತಿಳಿಯಲು ಬಸ್ಸಿನ ಲೆಕ್ಕ ಹಿಡಿದಿದ್ದೆ. ಆಳಂದದ ಬಸ್ಸು ಬಂದಾಗ ಎಡಕ್ಕೆ, ಹೊರಟಾಗ ಬಲಕ್ಕೆ. ಸುಮಿತ್ರಾಬಾಯಿಗೆ ಹೇಳಿದರೆ ಬೈದಳು: “ಬಸ್ ಪಂಚರ್ ಆದ್ರ ಹೆಂಡ್ತಿ ಗತಿ ಏನ್ರಿ?” ಗೌರಾಬಾಯಿ ತನ್ನ ಮನೆಯ ಗಂಟೆ ಬಾರಿಸುವ ಗಡಿಯಾರ ತಂದುಕೊಟ್ಟಳು. ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಗೂಡಿನಲ್ಲಿ ಇಟ್ಟು ಹೋದಳು.

ನನ್ನ ಕಸುಬು ಪೂರಾ ವ್ಯರ್ಥವೂ ಅಲ್ಲ. ಮೊಣಕಾಲುಗಳ ನಡುವೆ ಒಂದು, ಬೆನ್ನಿಗೆ ಆಸರೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದು, ಹೀಗೆ ಸಣ್ಣ ದಿಂಬು ಹೊಲಿದುಕೊಟ್ಟೆ. ನರ್ಸಬಾಯಿ ನೋಡಿ ತಲೆಯಾಡಿಸಿದಳು.

ಪ್ಯಾರಿಬಿ ಅಂದಳು: “ಮದುವಿಯಾದಾಗಿಂದ ಒಂದು ದಿಂಬು ಹೊಲದಕೊಡ್ರಿ ಅಂತ ಕೇಳಿದ್ದೆ. ನಡಾ ಮುರದ ಮ್ಯಾಲ ಮೂರು ಬಂದ್ವು.”

೩೧ ಡಿಸೆಂಬರ್

ಹತ್ತು ದಿನದಲ್ಲಿ ಒಳಗೆ ಬಂದವರು ಗೌರಾಬಾಯಿ ಮತ್ತು ನರ್ಸಬಾಯಿ, ಇಬ್ಬರೇ. ವಾಸನೆ ಈಗ ಇಲ್ಲ, ಆದರೂ ಜನರಿಗೆ ಬರುವ ರೂಢಿ ತಪ್ಪಿತು. ಮಳೆಗಾಲ ಬಿಟ್ಟು ಬೇರೆ ದಿನ ಮನೆಯಲ್ಲಿ ಇದ್ದು ನನಗೆ ಗೊತ್ತಿಲ್ಲ. ಮಧ್ಯಾಹ್ನ ಓಣಿಯೆಲ್ಲ ಹೊಲಕ್ಕೆ ಹೋದ ಮೇಲೆ ಗಡಿಯಾರದ ಟಿಕ್ ಟಿಕ್ ಮಾತ್ರ. ಕಿವಿ ಗುಂಯ್ ಅನ್ನುತ್ತದೆ.

“ಇಷ್ಟ ಸುಮ್ಮಗ ಇರ್ತದೇನ ಈ ಮನಿ?” ಎಂದೆ.

“ನಿಮಗ ಇವತ್ತ ಕೇಳಸ್ತೇನು?” ಅಂದಳು.

ಬಿಸಿಲು ಯಾವ ಗೋಡೆಯ ಮೇಲೆ ಎಷ್ಟು ಹೊತ್ತು ಇರುತ್ತದೆಂದು ಹೇಳಿದಳು. ಎದುರು ಮಾಳಿಗೆಯ ಪಾರಿವಾಳಗಳಿಗೆ ಹೆಸರು ಇಟ್ಟಿದ್ದಾಳೆ. ಒಂದಕ್ಕೆ ನನ್ನ ಹೆಸರು. ಯಾಕೆಂದರೆ, “ಅದು ಮಳಿ ಬಂದಾಗ ಅಷ್ಟ ಬರ್ತದ.” ಇಬ್ಬರೂ ನಕ್ಕೆವು.

೧೦ ಜನವರಿ ೧೯೮೬

ಎಳ್ಳ ಅಮಾವಾಸಿ. ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಯಿತು. ಬೀದಿಯಲ್ಲಿ ನಾಯಿ ಸಹ ಇಲ್ಲ. ಬೇರೆ ವರ್ಷ ಈ ದಿನ ನಾನು ಹವಳಗಾದ ಕಡೆ ಯಾರದಾದರೂ ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಊಟಕ್ಕೆ ಕುಳಿತಿರುತ್ತಿದ್ದೆ, ಹತ್ತು ಜನ ಕರೆಯುತ್ತಿದ್ದರು. ಇವತ್ತು ಎಡಕ್ಕೆ, ಬಲಕ್ಕೆ, ಎಡಕ್ಕೆ.

ಸಂಜೆ ಗೌರಾಬಾಯಿ ಹೊಲದಿಂದಲೇ ನೇರ ಬಂದಳು. ಸಜ್ಜಿ ಕಡಬು, ಭಜ್ಜಿ ಪಲ್ಯ, ಜೋಳದ ಬಾನ. “ಪ್ಯಾರಿ, ತಿನ್ನಬೇ. ನಿನ್ನ ಬಿಟ್ಟು ಉಣ್ಣಾಕ ಮನಸ್ಸಾಗಲಿಲ್ಲ.” ಪ್ಯಾರಿಬಿ ತಾಟು ತುಂಬ ಉಂಡಳು. ಅವಳು ಏಣಿಯಿಂದ ಬಿದ್ದ ದಿನದಿಂದ ಇಂಥ ಹಸಿವೆ ಕಂಡಿರಲಿಲ್ಲ.

೧೯ ಜನವರಿ

ಗಾಯದ ಒಳಗೆ ದಾಳಿಂಬೆ ಕಾಳಿನಂತೆ ಕೆಂಪು ಮಾಂಸ ಬರುತ್ತಿದೆ. “ಇದ ಬೇಕಾಗಿತ್ತು ನೋಡ್ರಿ ಕಾಕಾ” ಎಂದು ನರ್ಸಬಾಯಿ ಮೊದಲ ಸಲ ನಕ್ಕಳು. ಮುಷ್ಟಿಯಷ್ಟು ಇದ್ದದ್ದು ಈಗ ಮೂರು ಬೆರಳು. ಒಳಗಿನ ಮಾಂಸ ತುಂಬಬೇಕಾದರೆ ಹೊಟ್ಟೆಗೆ ಬೇಕು: ದಿನಕ್ಕೆ ಎರಡು ತತ್ತಿ, ಹಾಲು, ಶೇಂಗಾ, ಬ್ಯಾಳಿ.

ನನಗೆ ಆದ ಸಂತೋಷ ಹೇಳತೀರದು. ಪಟ್ಟಿ ಕಟ್ಟುತ್ತ ಪ್ಯಾರಿಬಿಗೂ ಹುರುಪು ಬರಲೆಂದು ಹೇಳಿದೆ: “ಇದೊಂದು ಪೂರಾ ಮಾಯಲಿ ಬೇ. ಖುರ್ಷಿದಳನ್ನ ಕರಸ್ತೇನಿ. ಆಕಿ ನಿನ್ನ ಹೊಳ್ಳಿಸ್ತಾಳ. ನಾ ಅಫಜಲಪುರದ ಕಡೆ ಒಂದು ಸುತ್ತು ಹೋಗಿ ಬರ್ತೇನಿ. ಎಲ್ಲಾ ಮೊದಲಿನಂಗ.”

“ಹೂಂ” ಅಂದಳು.

೨೬ ಜನವರಿ

ಕಿಣ್ಣಿ ಸುಲ್ತಾನದ ದೌಲತರಾಯರು ಹೇಳಿ ಕಳಿಸಿದ್ದಾರೆ. ಬೇಸಿಗೆಗೆ ಮಗಳ ಮದುವೆ, ಗಾದಿ ನಾನೇ ಮಾಡಬೇಕಂತೆ. ಪ್ಯಾರಿಬಿಗೆ ಓದಿ ಹೇಳಿದಂತೆ ಎಲ್ಲ ಹೇಳಿದೆ: ಮೊದಲು ಕಿಣ್ಣಿ, ಅಲ್ಲಿಂದ ಎಲ್ಲಿ, ಆಮೇಲೆ ಎಲ್ಲಿ. ದಿನಾ ಪಟ್ಟಿ ಕಟ್ಟುವಾಗ ಈ ಮಾತಾಡಿದರೆ ಹೊತ್ತು ಹೋಗುತ್ತದೆ. ಅವಳಿಗೂ ಕೇಳಲು ಹಿತ.

ಅವಳ ಹಾಸಿಗೆಯ ಪಕ್ಕದ ಹಿತ್ತಲ ಕಿಟಕಿಗೆ ಒಂದು ಬೆಕ್ಕು ರೂಢಿಯಾಗಿದೆ. ದುಂಡಗೆ ಆಗಿದೆ.

೫ ಫೆಬ್ರವರಿ

ನರ್ಸಬಾಯಿ ಬಂದು ಅಳೆದಳು. ಮೂರು ಬೆರಳು. ಹೋದ ಸಲವೂ ಮೂರು, ಅದರ ಹಿಂದಿನ ಸಲವೂ ಮೂರು. ಮಾಂಸದ ಬಣ್ಣ ಬಿಳಿಚಿಕೊಂಡಿದೆ.

“ಹೊಳ್ಳಿಸೂದು ತಪ್ಪಸೀರೇನು?”

“ಅಲ್ಲಾನ ಆಣಿ, ಒಂದ ಸಲಾನೂ ಇಲ್ಲ.”

“ತತ್ತಿ, ಹಾಲು?”

“ದಿನಾ ನಾನೇ ಕುದಿಸಿ ಕೈಯಾಗ ಕೊಡತೇನಿ.”

ಅವಳು ಪ್ಯಾರಿಬಿಯ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ರಟ್ಟೆ ಹಿಡಿದು ನೋಡಿದಳು. “ತಿಂದದ್ದು ಎಲ್ಲಿ ಹೊಂಟದ ಮತ್ತ?” ಅಂದಳು. ಹೀಗೇ ನಿಂತರೆ ಒಳಗೆ ಮತ್ತೆ ಕೀವು ಹಿಡಿಯುತ್ತದೆ, ಈ ಸಲ ಎಲುಬು ದೂರ ಇಲ್ಲ, ಎಂದು ನನ್ನನ್ನು ಹೊರಗೆ ಕರೆದು ಹೇಳಿದಳು.

೯ ಫೆಬ್ರವರಿ

ಎರಡೂವರೆ ಬೆರಳು ಆಗಿರಬಹುದು ಎಂದು ದಿನಾ ನೋಡುತ್ತೇನೆ. ಆಗಿಲ್ಲ. ಏನು ತಪ್ಪಿತು? ನೀರು ಹತ್ತು ನಿಮಿಷ ಹೆಚ್ಚು ಕುದಿಸಿದೆ. ಖುರ್ಷಿದಳಿಗೆ ಕಾರ್ಡು ಬರೆಯಲು ಕುಳಿತು ಬಿಟ್ಟೆ.

೧೩ ಫೆಬ್ರವರಿ

ನೀರಿಗೆ ಹೋದವನು ಕೊಡ ತುಂಬುವ ಮೊದಲೇ ಮರಳಿದೆ, ಹಗ್ಗ ಮರೆತಿದ್ದೆ. ಹಿತ್ತಲ ಕಡೆಯಿಂದ ಬಂದೆ. ಕಿಟಕಿಯ ಸರಳಿನ ಹೊರಗೆ ಅವಳ ಕೈ ಇತ್ತು. ಕೈಯಲ್ಲಿ ಸುಲಿದ ತತ್ತಿ. ಬೆಕ್ಕು ಎರಡು ಕಾಲ ಮೇಲೆ ನಿಂತು ತಿನ್ನುತ್ತಿತ್ತು. ಕೆಳಗೆ ಗೋಡೆಯುದ್ದಕ್ಕೂ ಹಾಲು ಇಳಿದ ಗೆರೆ.

“ಏನ್ ಮಾಡಾಕತ್ತಿ ಬೇ?”

ಕೈ ಒಳಗೆ ಹೋಯಿತು. ನಾನು ಒಳಗೆ ಬಂದೆ.

“ಬೆಕ್ಕಿಗೂ ಹಸವಿ ಇರ್ತದರಿ.”

“ನಿನಗ ಇಲ್ಲೇನು?”

“ಇಲ್ಲ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೂಗಾಡಿದೆ. ಓಣಿಗೆಲ್ಲ ಕೇಳಿಸಿರಬೇಕು. “ಸಾಯಬೇಕಂತ ಮಾಡೀಯೇನು? ಹಂಗಾದ್ರ ಸೀದಾ ಹೇಳು. ಎರಡು ತಾಸಿಗೊಮ್ಮೆ ಯಾಕ ಎದ್ದು ಸಾಯಲಿ ನಾ?”

“ಸಾಯೂದು ಬ್ಯಾಡ್ರಿ ನನಗ.” ಕೈಗೆ ಹತ್ತಿದ ತತ್ತಿಯ ಚೂರು ಸೆರಗಿಗೆ ಒರೆಸಿಕೊಂಡಳು. “ಮಾಯೂದೂ ಬ್ಯಾಡ.”

ಹಾಗೆಂದರೆ ಏನು ಎಂದು ಕೇಳಿದೆ. ನನ್ನ ಕಡೆ ನೋಡದೆ ಹೇಳಿದಳು.

“ಮಾಯ್ತಂದ್ರ ನೀವು ಹೊಂಟ್ರಿ. ಕಿಣ್ಣಿ, ಅಫಜಲಪುರ, ಹವಳಗಾ, ದಿನಾ ಹೇಳತೀರಿ. ಕಾಲಿದ್ದಾಗ ಗೌರಾಬಾಯಿ ಕಟ್ಟಿ ತನಕ ಹೋಗಿ ಕುಂದರತಿದ್ದೆ. ಬಾವಿಗೆ ಹೋಗತಿದ್ದೆ. ಹಂಗ ಮಾಡಿ ಮೂವತ್ತೆಂಟ ವರ್ಷ ಕಳದೆ. ಈಗ ಎಲ್ಲಿ ಹೋಗಲಿ? ಖುರ್ಷಿದ ಒಳ್ಳೇಕಿ. ಆದ್ರ ನನಗ ಖುರ್ಷಿದ ಬ್ಯಾಡ. ಮೂರು ಬೆರಳು ಉಳದ್ರ ಸಾಕು ಅಂತ ಮಾಡಿದ್ದೆ. ದೊಡ್ಡದೂ ಆಗೂದು ಬ್ಯಾಡ, ಪೂರಾ ಮಾಯೂದೂ ಬ್ಯಾಡ.”

“ಗಾಯ ನಿನ್ನ ಮಾತು ಕೇಳಿ ಮೂರ ಬೆರಳಿಗೆ ನಿಂದರಾಕ ನಿನ್ನ ಆಳೇನು?” ಎಂದೆ. ಗಡಿಯಾರ ಬಾರಿಸಿತು. ಬಲಕ್ಕೆ ಹೊರಳಿಸಿದೆ.

೧೪ ಫೆಬ್ರವರಿ

ಬರೆಯುವುದಕ್ಕೆ ಏನೂ ಇಲ್ಲ. ತತ್ತಿ ಕೊಟ್ಟೆ. ಎದುರಿಗೇ ಕುಳಿತೆ. ಅರ್ಧ ತಿಂದಳು.

೧೬ ಫೆಬ್ರವರಿ

‘ಹೋಗುವುದಿಲ್ಲ’ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಮೂರು ದಿನದಿಂದ ಹೇಳಲಾಗಿಲ್ಲ. ಯಾಕೆ ಹೇಳಲಾಗಲಿಲ್ಲ ಎಂಬುದನ್ನು ಇಲ್ಲಾದರೂ ಖರೇ ಬರೆಯಬೇಕು. ನನಗೆ ದಾರಿ ಅಂದರೆ ಪ್ರೀತಿ. ಊರ ಅಗಸಿ ಬಾಗಿಲೊಳಗೆ ಕಾಲಿಡುವ ಮೊದಲು ಬಿಲ್ಲಿನ ಹುರಿ ಒಮ್ಮೆ ಮೀಟಿದರೆ ಹೆಂಗಸರು ಬಾಗಿಲಿಗೆ ಬಂದು “ಪೀರಸಾಬ ಬಂದ” ಅನ್ನುತ್ತಿದ್ದರು. ಇಲ್ಲಿ ನಾನು ಬಂದೆನೆಂದು ಯಾರು ಅನ್ನುತ್ತಾರೆ? ಹೀಗೆ ಬರೆದೆ, ಬರೆದು ನಿಲ್ಲಿಸಿದೆ. ಚಳಿಜ್ವರದಲ್ಲಿ ಅವಳು ನನಗೇ ಹೇಳಿದ್ದು ನೆನಪಾಯಿತು: ಮಳೆಗಾಲಕ್ಕೆ ಬರ್ತಾರ.

೨೦ ಫೆಬ್ರವರಿ

ದೌಲತರಾಯರ ಮನೆಯ ಚಂದ್ರಾಮಪ್ಪ ಬಂದಿದ್ದ. ಯಾವಾಗ ಬರುತ್ತೀರಿ, ಅರಳೆ ತಯಾರಿದೆ ಎಂದು ಕೇಳಿದ. ಅಂಗಳದಲ್ಲೇ ನಿಂತು ಮಾತಾಡಿದೆವು.

“ಅರಳಿ ಇಲ್ಲೇ ತಂದ ಹಾಕ್ರಿ. ಗೌರಾಬಾಯಿ ದನದ ಅಂಗಳದಾಗ ಹಿಂಜತೇನಿ. ನಮ್ಮ ಮನಿಯೊಳಗ ಅರಳಿ ಧೂಳು ಬರುವಂಗಿಲ್ಲ, ಗಾಯ ಅದ. ಎರಡು ತಾಸು ಹಿಂಜೂದು, ಬಂದು ಕೈ ತೊಳಕೊಂಡು ಹೊಳ್ಳಿಸೂದು, ಮತ್ತ ಹೋಗೂದು. ತಡಾ ಆಗ್ತದ, ಸಾಹುಕಾರ್ರಿಗೆ ಹೇಳು.”

“ಈ ವರ್ಷ ಹಂಗ ಮಾಡೋಣಂತ. ಬರೂ ವರ್ಷ ಊರಿಗೆ ಬರ್ರಿ.”

“ಬರೂ ವರ್ಷಾನೂ ಅರಳಿ ಇಲ್ಲೇ ತರ್ರಿ.”

“ಅದರ ಮುಂದಿನ ವರ್ಷ?”

“ಅಲ್ಲೋ ಚಂದ್ರಾಮಪ್ಪಾ, ನಿಮ್ಮ ಸಾಹುಕಾರ್ರಿಗೆ ಎಷ್ಟ ಹೆಣ್ಣಮಕ್ಕಳಿದಾರ?”

ಅವನು ನಗುತ್ತ ಹೋದ. ಕಿಟಕಿ ತೆರೆದೇ ಇತ್ತು. ಒಳಗೆ ಹೋದಾಗ ಅವಳು ಗೋಡೆಯ ಕಡೆ ನೋಡುತ್ತಿದ್ದಳು, ಏನೂ ಕೇಳದವಳ ಹಾಗೆ. ತತ್ತಿ ಕೊಟ್ಟೆ. “ಉಪ್ಪು ಹಾಕಲಿಲ್ಲೇನ್ರಿ? ಸಪ್ಪಗ ಹ್ಯಾಂಗ ತಿನ್ನಲಿ” ಅಂದಳು. ಉಪ್ಪು ತಂದುಕೊಟ್ಟೆ.

ಖುರ್ಷಿದಳಿಗೆ ಎರಡು ಕಾರ್ಡು ತುಂಬ ಬರೆದೆ. ಏಣಿಯಿಂದ ಹಿಡಿದು ಅರಳೆಯ ತನಕ, ಎಲ್ಲ. ‘ನಾಲ್ಕು ದಿನ ಬಂದು ನೋಡಿಕೊಂಡು ಹೋಗು. ದುಡಿಯಲು ಬರಬೇಡ, ಅವಳ ಜೊತೆ ಕೂಡಲು ಬಾ.’

೧೯ ಮಾರ್ಚ್

ಒಂದೂವರೆ ಬೆರಳು. ಅಂಚಿನಿಂದ ತಿಳಿ ಗುಲಾಬಿ ಚರ್ಮ ಒಳಗೆ ಸರಿಯುತ್ತಿದೆ. ಖುರ್ಷಿದ ಎಂಟು ದಿನ ಇದ್ದು ಹೋದಳು. ಇಬ್ಬರೂ ಸೇರಿ ನನ್ನ ಬೈದರು. ಮನೆ ತುಂಬಿದಂತಿತ್ತು. ಹೋದ ಮೇಲೆ ಬಿಕೋ ಅನ್ನುತ್ತದೆ.

ಕೂಲಿಗೆ ಹಿಂಜುತ್ತ ಕುಳಿತಾಗ ಬಸ್ಸು ಹೊರಡುವ ಸಪ್ಪಳ ಬಂದರೆ ಇನ್ನೂ ಕತ್ತು ತಿರುಗುತ್ತದೆ.

೨೮ ಏಪ್ರಿಲ್

ಸುಮಿತ್ರಾಬಾಯಿ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದಳು. ಗಾಯ ಇದ್ದ ಜಾಗ ಮುಚ್ಚಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆ, ಮಿಂಚುವ ಚರ್ಮ. “ಮಾಯ್ತು ನೋಡ್ರಿ” ಎಂದಳು. ಪಟ್ಟಿಯ ಸಾಮಾನು ಚೀಲದಲ್ಲಿ ಹಾಕಿಕೊಂಡಳು, ಬಾಗಿಲಲ್ಲಿ ನನಗೆ ಒಂದಿಷ್ಟು ಮಾತು ಹೇಳಿ ಹೋದಳು.

ಆರು ಗಂಟೆಗೆ ಗಡಿಯಾರ ಬಾರಿಸಿತು, ನಾನು ಕೈ ತೊಳೆದುಕೊಂಡು ಬಂದೆ.

“ಇನ್ನ ಯಾಕ ಹೊಳ್ಳಿಸ್ತೀರಿ?” ಪ್ಯಾರಿಬಿ ಅಂದಳು. “ಮಾಯ್ದದಲ್ಲ.”

“ಹೊಸಾ ಚರ್ಮ ಬೇ. ಹಳೇದರಷ್ಟು ಗಟ್ಟಿ ಎಂದೂ ಆಗೂದಿಲ್ಲಂತ. ಒತ್ತು ಬಿದ್ರ ನಾಕ ದಿನದಾಗ ಮತ್ತ ಒಡೀತದ. ನರ್ಸಬಾಯಿ ಹೇಳಿ ಹೋಗ್ಯಾಳ, ಹೊಳ್ಳಿಸೂದು ಬಿಡಬ್ಯಾಡ್ರಿ ಅಂತ.”

“ಇನ್ನೆಷ್ಟ ದಿನ?”

“ಇರೂ ತನಕ.”

ನಾನು ಭುಜದ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಹಾಕಿದೆ. ಬಾಗಿಲ ಕಡೆಯ ಸರದಿ ಇತ್ತು.

“ಆ ಕಡೆ ಬ್ಯಾಡ್ರಿ” ಅಂದಳು. “ಅಲ್ಲಿ ನೋಡಿ ನೋಡಿ ಸಾಕಾಗ್ಯದ. ಗ್ವಾಡಿ ಕಡೆ ಮಾಡಿ, ನೀವು ಬಂದು ನಡುವ ಕುಂದರ್ರಿ.”

ಬಾಗಿಲ ಸರದಿ ತಪ್ಪಿಸಿದರೆ ಒಂದೇ ಮಗ್ಗುಲಿಗೆ ಒತ್ತು ಬೀಳುತ್ತದೆ, ಅದು ನಡೆಯುವುದಿಲ್ಲ. ಹಾಗೆಂದು ಹೇಳಿ ಬಾಗಿಲ ಕಡೆಗೇ ಹೊರಳಿಸಿದೆ. ದಿಂಬು ಇಟ್ಟೆ. ಹಿಮ್ಮಡಿ ನೋಡಿದೆ. ಆಮೇಲೆ ಚಾಪೆ ಎಳೆದು ತಂದು, ಬಾಗಿಲಿಗೆ ಬೆನ್ನು ಮಾಡಿ ಅವಳ ಎದುರಿಗೆ ಕುಳಿತೆ. ಅಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮುಂದಿನದು ಎಂಟಕ್ಕೆ.